ಮೂರು ಬಿಲ್ಲೆಗಳ ಕಂಚಿನ ಕವಚ

(ಪ್ರೌಢಶಾಲಾ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ರೋಮ್ ಎಂದ ಕೂಡಲೇ ನಿಮಗೆಲ್ಲ ಸೀಸರ್ ನೆನಪಾಗುತ್ತಾನೆ. ಅವನು ಹುಟ್ಟುವ ಇನ್ನೂರು ವರ್ಷಗಳಿಗೂ ಮುಂಚೆ ರೋಮನ್ನರ ನಿದ್ದೆಗೆಡಿಸಿದ ಗುಡ್ಡಗಾಡಿನ ಜನರಿದ್ದರು. ಇಟಲಿಯ ಬೆನ್ನೆಲುಬಿನಂತಿರುವ ಅಪೆನೈನ್ ಪರ್ವತಗಳಲ್ಲಿ ಕುರಿ ಮೇಯಿಸಿಕೊಂಡು, ಬೇಸಾಯ ಮಾಡಿಕೊಂಡಿದ್ದ ಸ್ಯಾಮ್ನೈಟರು ಅವರು. ಕ್ರಿ.ಪೂ. 343ರಿಂದ 290ರ ನಡುವೆ ರೋಮ್ ಇವರೊಡನೆ ಮೂರು ಯುದ್ಧಗಳನ್ನು ಮಾಡಬೇಕಾಯಿತು. ಕ್ರಿ.ಪೂ. 321ರಲ್ಲಂತೂ ಕಾಡಿಯಂ ಕಣಿವೆಯಲ್ಲಿ ಸಿಕ್ಕಿಬಿದ್ದ ರೋಮನ್ ಸೈನ್ಯ ಆಯುಧ ಒಪ್ಪಿಸಿ, ಈಟಿಗಳಿಂದ ಕಟ್ಟಿದ ನೊಗದ ಕೆಳಗೆ ತಲೆ ಬಗ್ಗಿಸಿ ಹೊರಬಂದಿತು.

ಇವರ ಭಾಷೆ ಆಸ್ಕನ್. ಉರ್ದು ಓದುವ ಮಕ್ಕಳಿಗೆ ಒಂದು ಸಂತೋಷದ ಮಾತು ಹೇಳುತ್ತೇನೆ: ಆ ಲಿಪಿಯನ್ನೂ ಬಲದಿಂದ ಎಡಕ್ಕೇ ಬರೆಯುತ್ತಿದ್ದರು! ಕೆಲವು ಶಾಸನಗಳು ಉಳಿದಿವೆ. ಆದರೆ ತಮ್ಮ ಯುದ್ಧಗಳ ಕಥೆಯನ್ನು ಅವರೇ ಬರೆದ ಒಂದು ಪುಸ್ತಕವೂ ನಮಗೆ ಸಿಕ್ಕಿಲ್ಲ. ಬರೆದವರು ಗೆದ್ದವರು. ಹೀಗಾಗಿ ಸೋತವರ ಪರವಾಗಿ ಸಾಕ್ಷಿ ಹೇಳಲು ಸಮಾಧಿಗಳಲ್ಲಿ ಸಿಕ್ಕ ಕಂಚು ಬೇಕಾಯಿತು.

ಆ ಕವಚ ಹೇಗಿತ್ತು? ಕಂಚಿನ ತಗಡಿನಲ್ಲಿ ಮೂರು ದುಂಡನೆಯ ಉಬ್ಬು ಬಿಲ್ಲೆಗಳು. ಮೇಲೆ ಎರಡು, ಕೆಳಗೆ ಒಂದು. ಎದೆಗೆ ಇಂಥದೊಂದು ಫಲಕ, ಬೆನ್ನಿಗೆ ಇನ್ನೊಂದು. ಭುಜದ ಮೇಲೆ ಮತ್ತು ಪಕ್ಕೆಗಳಲ್ಲಿ ಸಣ್ಣ ಪಟ್ಟಿಗಳು ಇವೆರಡನ್ನೂ ಜೋಡಿಸುತ್ತಿದ್ದವು. ಸೊಂಟಕ್ಕೆ ಚರ್ಮದ ಮೇಲೆ ಹೊಲಿದ ಅಗಲವಾದ ಕಂಚಿನ ಪಟ್ಟಿ, ಅದಕ್ಕೆ ಕೊಕ್ಕೆ. ಮೈಯೆಲ್ಲ ಮುಚ್ಚುವ ಕವಚವಲ್ಲ ಇದು. ಪ್ರಾಣ ಹೋಗುವ ಜಾಗಗಳನ್ನು ಕಾಯ್ದು, ಕೈ ಬೀಸಲು, ಬಾಗಲು, ಏರು ಹತ್ತಲು ಬಿಡುವ ಕವಚ. ಗುಡ್ಡದಲ್ಲಿ ಹೋರಾಡುವವನಿಗೆ ಇದಕ್ಕಿಂತ ಜಾಣ ಉಡುಪು ಬೇಕೆ?

ಇದು ಒಮ್ಮೆಗೇ ಹುಟ್ಟಿದ್ದಲ್ಲ. 1934ರಲ್ಲಿ ಅಬ್ರುಟ್ಸೊ ಪ್ರಾಂತದ ಕ್ಯಾಪೆಸ್ಟ್ರಾನೊದಲ್ಲಿ ಕ್ರಿ.ಪೂ. 6ನೇ ಶತಮಾನದ ಯೋಧನ ಆಳೆತ್ತರ ಮೀರಿದ ಕಲ್ಲಿನ ವಿಗ್ರಹ ಸಿಕ್ಕಿತು. ಅವನ ಎದೆಯ ಮೇಲೆ ಒಂದೇ ಬಿಲ್ಲೆ, ಪಟ್ಟಿಗಳಿಂದ ಬಿಗಿದದ್ದು. ಅಂಥ ಒಂಟಿ ಬಿಲ್ಲೆಯ ಕಾಲದಿಂದ ಮೂರು ಬಿಲ್ಲೆಗಳ ಕಾಲಕ್ಕೆ ಸುಮಾರು ಎರಡು ಶತಮಾನ ಹಿಡಿಯಿತು. ಪೇಸ್ಟಂ ಊರಿನ ಸಮಾಧಿಗಳ ಗೋಡೆಗಳಲ್ಲಿ ಈ ಮೂರು ಬಿಲ್ಲೆಯ ಕವಚ ತೊಟ್ಟ ಯೋಧರ ಬಣ್ಣದ ಚಿತ್ರಗಳೂ ಇವೆ.

ಈಗ ರೋಮನ್ ಇತಿಹಾಸಕಾರ ಲಿವಿಯನ್ನು ತೆಗೆದು ನೋಡಿ. ಸ್ಯಾಮ್ನೈಟರ ಒಂದು ದಂಡಿಗೆ ಚಿನ್ನದ ಗುರಾಣಿ, ಇನ್ನೊಂದಕ್ಕೆ ಬೆಳ್ಳಿಯ ಗುರಾಣಿ, ತಲೆಯ ಮೇಲೆ ತುರಾಯಿ, ಎಡಗಾಲಿಗೆ ಮಾತ್ರ ಕಾಲುಗವಚ ಎಂದು ಬರೆಯುತ್ತಾನೆ. ಎದೆಗೆ 'ಸ್ಪಂಜು' ಇತ್ತಂತೆ! ಮೂರು ಬಿಲ್ಲೆಗಳ ಸುದ್ದಿಯೇ ಇಲ್ಲ. ಅವನು ಬರೆದದ್ದು ಯುದ್ಧಗಳು ಮುಗಿದು ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಕವಚ ಮತ್ತು ಗ್ರಂಥ ಬೇರೆಬೇರೆ ಮಾತು ಹೇಳುವಾಗ ನಾನು ಕವಚವನ್ನೇ ನಂಬುತ್ತೇನೆ.

ಈ ಬಗೆಯ ಅತ್ಯಂತ ಸುಂದರ ಕವಚ ಸಿಕ್ಕಿದ್ದು ಇಟಲಿಯಲ್ಲೂ ಅಲ್ಲ, ಸಮುದ್ರದಾಚೆಯ ಟುನೀಸಿಯಾದಲ್ಲಿ. 1909ರಲ್ಲಿ ಕ್ಸೂರ್ ಎಸ್ಸಾಫ್ ಎಂಬಲ್ಲಿ, ಕಾರ್ತೇಜ್ ಜನರ ರೀತಿಯ ಸಮಾಧಿಯೊಂದರಲ್ಲಿ. ಚಿನ್ನದ ಲೇಪ, ಮೇಲೆ ಮಿನರ್ವಾ ದೇವಿಯ ಮುಖ. ಹ್ಯಾನಿಬಾಲ್‌ನೊಡನೆ ಇಟಲಿಯಲ್ಲಿ ಹೋರಾಡಿದ ಸೈನಿಕನೊಬ್ಬ ತಂದಿರಬಹುದೆಂದು ಹಲವು ವಿದ್ವಾಂಸರ ಊಹೆ. ಬೇರೆ ದಾರಿಯಿಂದಲೂ ಬಂದಿರಬಹುದು. ಅದು ಟ್ಯೂನಿಸ್ ನಗರದ ಬಾರ್ಡೊ ವಸ್ತುಸಂಗ್ರಹಾಲಯಕ್ಕೆ ಸೇರಿದೆ.