ಉಪ್ಪು, ನೀರು ಮತ್ತು ಜೀವಕೋಶದ ಪೊರೆ



ಮಳೆಗಾಲದಲ್ಲಿ ಕಾಫಿ ತೋಟಗಳ ನಡುವಣ ಕಾಲುದಾರಿ ಹಿಡಿದು ಕೊಡಗಿನ ಶನಿವಾರಸಂತೆಗೆ ನಡೆದು ಬಂದವರಿಗೆ ಜಿಗಣೆಯ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಕಾಲಿಗೆ ಹತ್ತಿದ ಜಿಗಣೆಯ ಮೇಲೆ ಚಿಟಿಕೆ ಉಪ್ಪು ಬಿದ್ದರೆ ಸಾಕು. ಅದು ಹಿಡಿತ ಬಿಟ್ಟು ಉರುಳಿ, ಮೈಯ ನೀರನ್ನು ಕಳೆದುಕೊಂಡು ಸುರುಟಿಹೋಗುತ್ತದೆ. ಬೇಸಗೆಯಲ್ಲಿ ಅದೇ ಸಂತೆಯಿಂದ ತಂದ ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ, ತೊಟ್ಟು ನೀರು ಸೇರಿಸದಿದ್ದರೂ ಕೆಲವು ದಿನಗಳಲ್ಲಿ ಭರಣಿಯಲ್ಲಿ ನೀರು ನಿಲ್ಲುತ್ತದೆ, ಮಿಡಿ ಸುಕ್ಕುಗಟ್ಟುತ್ತದೆ. ಬಾಡಿದ ಸೊಪ್ಪಾದರೋ ಬರಿಯ ನೀರಿನಲ್ಲಿಟ್ಟರೆ ಮರಳಿ ನಿಮಿರುತ್ತದೆ.

ಈ ಮೂರಕ್ಕೂ ಕಾರಣವೊಂದೇ. ಪ್ರತಿಯೊಂದು ಜೀವಕೋಶವನ್ನೂ ಕೊಬ್ಬಿನ ಅಣುಗಳ ಎರಡು ಪದರಗಳಿಂದಾದ ಪೊರೆಯೊಂದು ಸುತ್ತುವರಿದಿದೆ. ಇಂತಹ ಒಂದು ಲಕ್ಷಕ್ಕೂ ಹೆಚ್ಚು ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ಮಿಲಿಮೀಟರು ದಪ್ಪವಾದೀತು. ನೀರು ಇದನ್ನು ಸುಲಭವಾಗಿ ದಾಟುತ್ತದೆ. ಉಪ್ಪು ಹಾಗೆ ದಾಟಲಾರದು. ಆದುದರಿಂದ ಉಪ್ಪು ಯಾವ ಕಡೆ ಹೆಚ್ಚೋ ಆ ಕಡೆಗೆ ನೀರು ಹರಿಯುತ್ತದೆ. ನೀರು ಹಾಯುವುದಕ್ಕೆಂದೇ ಪೊರೆಯಲ್ಲಿ ಪ್ರೋಟೀನಿನ ಕಿರುಗಾಲುವೆಗಳಿವೆಯೆಂಬುದನ್ನು 1992ರಲ್ಲಿ ತೋರಿಸಿಕೊಟ್ಟ ಅಮೆರಿಕದ ಪೀಟರ್ ಆಗ್ರೆಯವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಹಾಗಾದರೆ ಉಪ್ಪಿಗೆ ಒಳಹೋಗಲು ದಾರಿಯೇ ಇಲ್ಲವೇ? ಇದೆ, ಆದರೆ ಬಾಗಿಲುಗಳು ಬೇರೆ. ನಮ್ಮ ಕರುಳಿನ ಕೋಶಗಳಲ್ಲಿರುವ ಒಂದು ಬಾಗಿಲು ಬಹು ವಿಚಿತ್ರವಾದುದು. ಉಪ್ಪಿನಲ್ಲಿರುವ ಸೋಡಿಯಂ ಮತ್ತು ಸಕ್ಕರೆಯಿಂದ ದೊರೆಯುವ ಗ್ಲೂಕೋಸು ಜೊತೆಯಾಗಿ ಬಂದರೆ ಅದು ಎರಡನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಈ ಜೊತೆಪಯಣವನ್ನು ರಾಬರ್ಟ್ ಕ್ರೇನ್ ಎಂಬವರು 1960ರಲ್ಲಿ ಸೂಚಿಸಿದರು. ಇವೆರಡು ಒಳಹೊಕ್ಕ ಮೇಲೆ ನೀರು ತಾನಾಗಿಯೇ ಹಿಂಬಾಲಿಸುತ್ತದೆ. ಕಾಲರಾ ರೋಗಿಯ ಕರುಳು ಎಡೆಬಿಡದೆ ನೀರನ್ನು ಹೊರಚೆಲ್ಲುತ್ತಿರುವಾಗಲೂ ಈ ಬಾಗಿಲು ಮಾತ್ರ ಕೆಡದೆ ಉಳಿದಿರುತ್ತದೆ.

1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ನಾಳಕ್ಕೆ ಏರಿಸುವ ದ್ರಾವಣವು ಸಾಲದೆ ಹೋಯಿತು. ಡಾಕ್ಟರ್ ದಿಲೀಪ್ ಮಹಲಾನಬಿಸರು ಉಪ್ಪು, ಗ್ಲೂಕೋಸು, ಸೋಡಾಗಳನ್ನು ಬೆರೆಸಿದ ನೀರನ್ನು ಕುಡಿಸಲು ಏರ್ಪಾಡು ಮಾಡಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಮನೆಯಲ್ಲಿ ಮಗುವಿಗೆ ಭೇದಿಯಾದಾಗ ಅಂಗಡಿಯ ಓಆರ್‌ಎಸ್ ಪೊಟ್ಟಣವೇ ಉತ್ತಮ. ಅದು ಕೈಗೆ ಸಿಕ್ಕದಿದ್ದರೆ, ಕಾಯಿಸಿ ಆರಿಸಿದ 1 ಲೀಟರು ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆಯನ್ನೂ ಅರ್ಧ ಟೀ ಚಮಚ ಉಪ್ಪನ್ನೂ ಕರಗಿಸಿ, ಗುಟುಕು ಗುಟುಕಾಗಿ ಕುಡಿಸತಕ್ಕದ್ದು. ಕೈಯಳತೆಯಲ್ಲಿ ಉಪ್ಪನ್ನು ಹೆಚ್ಚಿಸಬಾರದು. ಹೆಚ್ಚಾದರೆ ಜಿಗಣೆಗೆ ಆದಂತೆಯೇ ಮಗುವಿನ ಮೈಯ ಕೋಶಗಳಿಂದ ನೀರು ಹೊರಬೀಳುತ್ತದೆ. ಮಗು ಮಂಕಾದರೆ, ಕುಡಿಯಲಾರದೆ ಹೋದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ದಾರಿಯಲ್ಲಿಯೂ, ನುಂಗಬಲ್ಲುದಾದರೆ, ಕುಡಿಸುವುದನ್ನು ನಿಲ್ಲಿಸಬಾರದು.

ಜಿಗಣೆಯ ಜೀವವನ್ನು ತೆಗೆಯುವ ಉಪ್ಪೇ ಸಕ್ಕರೆಯ ಜೊತೆಗೂಡಿ, ಅಳತೆ ಮೀರದೆ ನೀರಿನಲ್ಲಿ ಕರಗಿದಾಗ, ಕೂಸಿನ ಜೀವವನ್ನು ಉಳಿಸುತ್ತದೆ. ಆ ಅಳತೆಯನ್ನು ತಾವೆಲ್ಲರೂ ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.