ಪಾಡ್‌ಕಾಸ್ಟ್: ವಿಮಾನ ಕೆಟ್ಟಿರಲಿಲ್ಲ, ಮಾನಿಟರೂ ಕೆಟ್ಟಿರಲಿಲ್ಲ! ಪೋತ್ನಾಳದ ಒಂದು ಕಾಕ್‌ಪಿಟ್ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಆಡುಮಾತನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)



ನಾನು ಮಾತಾಡ್ತಿರೋದು ಪೋತ್ನಾಳದಿಂದ. ರಾಯಚೂರು ಜಿಲ್ಲೆ, ಮಾನ್ವಿಯಿಂದ ಸಿಂಧನೂರಿಗೆ ಹೋಗುವ ರಸ್ತೆ ಮೇಲಿನ ಊರು. ರಸ್ತೆ ಬದಿಗೇ ನಮ್ಮ ಅಂಗಡಿ. ಅಪ್ಪ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡ್ತಾರೆ. ನಾನು ಮನೆ ವೈರಿಂಗು, ಕೂಲರು, ಮಿಕ್ಸಿ ನೋಡ್ಕೋತೇನೆ. ಯಾವ ಕೋರ್ಸೂ ಮಾಡಿಲ್ಲ, ಅಪ್ಪನ ಕೈಕೆಳಗೆ ಕಲಿತವನು. ರಾತ್ರಿ ಊಟ ಆದ ಮೇಲೆ ಮಾತ್ರ ನನ್ನ ಕೆಲಸ ಬೇರೆ. ಯುದ್ಧವಿಮಾನ ಹಾರಿಸ್ತೇನೆ.

ನಗಬೇಡಿ. ಕಂಪ್ಯೂಟರಿನಲ್ಲೇ ಹಾರಿಸೋದು. ಅದರ ಹೆಸರು ಡಿಸಿಎಸ್, ಅಂದ್ರೆ ಡಿಜಿಟಲ್ ಕಾಂಬ್ಯಾಟ್ ಸಿಮ್ಯುಲೇಟರ್. ಗುಂಡಿ ಒತ್ತಿದ ಕೂಡಲೇ ಗುಂಡು ಹಾರುವ ಆಟ ಅಲ್ಲ ಇದು. ಬ್ಯಾಟರಿ ಸ್ವಿಚ್ಚಿನಿಂದ ಹಿಡಿದು ಇಂಧನದ ವಾಲ್ವ್‌ವರೆಗೆ ಎಲ್ಲವನ್ನೂ ನಾವೇ ಹಾಕಬೇಕು. ಒಂದು ತಪ್ಪಿದರೂ ವಿಮಾನ ಕೂತಲ್ಲೇ ಕೂತಿರ್ತದೆ. ಎರಡು ವಿಮಾನ ಪುಕ್ಕಟೆ ಸಿಗ್ತವೆ. ಒಂದು ರಷ್ಯಾದ ಸುಖೋಯ್-25ಟಿ. ಇನ್ನೊಂದು ಟಿಎಫ್-51ಡಿ, ಎರಡನೇ ಮಹಾಯುದ್ಧದ ಮಸ್ಟಾಂಗ್‌ನ ತರಬೇತಿ ರೂಪ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್, ಸೆಕೆಂಡ್ ಹ್ಯಾಂಡ್ ಜಾಯ್‌ಸ್ಟಿಕ್, ಪುಕ್ಕಟೆ ವಿಮಾನ. ನನ್ನ ವಾಯುಪಡೆ ಇಷ್ಟೇ.

ಈ ಹುಚ್ಚು ಎಲ್ಲಿಂದ ಹತ್ತಿತು ಅಂತ ಕೇಳಿದರೆ ಬೀದರ್ ಅಂತೀನಿ. ನಮ್ಮ ಕಡೆ ಹುಡುಗರಿಗೆ ವಿಮಾನ ಅಂದ್ರೆ ಬೀದರಿನ ವಾಯುನೆಲೆ. ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಅಲ್ಲೇ. 2008ರಿಂದ ಹಾಕ್ ಜೆಟ್‌ಗಳಲ್ಲಿ ಪೈಲಟ್‌ಗಳಿಗೆ ತರಬೇತಿ ನಡೆಯೋದೂ ಅಲ್ಲೇ. ಅಲ್ಲೊಬ್ಬ ಸಂಬಂಧಿಕರ ಮನೆಗೆ ಸೂಟಿಗೆ ಹೋದಾಗ, ಮಾಳಿಗೆ ಮೇಲೆ ನಿಂತು ಕತ್ತು ನೋಯುವ ತನಕ ಆಕಾಶ ನೋಡಿದವನು ನಾನು. ವಾಯುಪಡೆ ಸೇರಬೇಕು ಅಂತ ಆವಾಗಲೇ ತಲೆಯಲ್ಲಿ ಕೂತಿತ್ತು. ಆ ಮಾತಿಗೆ ಆಮೇಲೆ ಬರ್ತೇನೆ.

ಮೊದಲು ರಿಪೇರಿ ಮಾತು. ಸಿಮ್ಯುಲೇಟರಿನಲ್ಲಿ ಹಾರೋದಕ್ಕಿಂತ ಹೆಚ್ಚು ಹೊತ್ತು ಹೋಗೋದು ಎಲ್ಲಿ ಕೆಟ್ಟಿದೆ ಅಂತ ಹುಡುಕೋದ್ರಲ್ಲಿ.

ನನಗೆ ಎದುರಾದ ಮೊದಲ ಪ್ರಶ್ನೆ ಹೊಸಬರೆಲ್ಲರೂ ಕೇಳೋದೇ. ಮಸ್ಟಾಂಗ್ ರನ್‌ವೇ ಮೇಲೆ ಓಡಲು ಶುರು ಮಾಡಿದ ಕೂಡಲೇ ಎಡಕ್ಕೆ ಎಳೀತದೆ, ಹುಲ್ಲಿಗೆ ಇಳೀತದೆ, ರೆಕ್ಕೆ ಮುರೀತದೆ. ನಾನು ಜಾಯ್‌ಸ್ಟಿಕ್ ಕೆಟ್ಟಿದೆ ಅಂದುಕೊಂಡು ಬಿಚ್ಚಿದೆ. ಒಳಗಿನ ಧೂಳು ತೆಗೆದೆ, ಮತ್ತೆ ಜೋಡಿಸಿದೆ. ಮತ್ತೆ ಎಡಕ್ಕೇ. ಎರಡು ದಿನ ಹೀಗೇ ಆಯ್ತು. ಮೂರನೇ ದಿನ ಅಪ್ಪ ಹಿಂದೆ ನಿಂತು ನೋಡಿದರು.

‘ಫ್ಯಾನ್ ಯಾವ ಕಡಿ ತಿರಗ್ತದ?’ ಅಂದ್ರು.

‘ಒಳಗ ಕೂತವನಿಗೆ ಬಲಕ್ಕ.’

‘ಮತ್ತ, ಮೈ ಎಡಕ್ಕ ಹೋಗ್ತದ. ಬೋರಿನಾಗ ಮೋಟರ್ ಚಾಲೂ ಮಾಡಿದ ಕೂಡ್ಲೆ ಪೈಪ್ ಹೆಂಗ ಜಗ್ತದ, ನೋಡಿಲ್ಲೇನ್?’

ನೋಡಿದ್ದೆ, ನೂರು ಸಲ ನೋಡಿದ್ದೆ. ಸಬ್‌ಮರ್ಸಿಬಲ್ ಮೋಟರ್ ಒಂದು ಕಡೆ ತಿರುಗಿದರೆ ಪೈಪು ಎದುರು ಕಡೆಗೆ ಜಗ್ಗುತ್ತದೆ. ಇದೂ ಅದೇ ಲೆಕ್ಕ. ಜೊತೆಗೆ ಪ್ರೊಪೆಲರ್ ತಿರುಚಿ ಕಳಿಸುವ ಗಾಳಿ ಬಾಲದ ಮೇಲೆ ಒಂದು ಬದಿಯಿಂದ ಬಡಿಯುತ್ತದೆ. ಅದಕ್ಕೇ ಮಸ್ಟಾಂಗ್ ಏರಿಸುವ ಮೊದಲು ರಡ್ಡರ್ ಟ್ರಿಮ್ಮನ್ನು ಐದಾರು ಡಿಗ್ರಿ ಬಲಕ್ಕೆ ಇಡಬೇಕು. ಥ್ರಾಟಲ್ ನಿಧಾನಕ್ಕೆ ಏರಿಸಬೇಕು. ಸ್ಟಿಕ್ಕನ್ನು ಹಿಂದಕ್ಕೆ ಹಿಡಿದಿರಬೇಕು, ಹಿಡಿದಷ್ಟು ಹೊತ್ತು ಬಾಲದ ಗಾಲಿ ಅಡ್ಡಾದಿಡ್ಡಿ ತಿರುಗೋದಿಲ್ಲ. ಕೆಟ್ಟಿದ್ದು ಏನೂ ಇರಲಿಲ್ಲ. ವಿಮಾನದ ಸ್ವಭಾವವೇ ಹಾಗೆ.

ಎರಡನೇದು ಇದಕ್ಕಿಂತ ತಲೆ ತಿನ್ನುವಂಥದ್ದು. ಗೆಳೆಯನೊಬ್ಬ ಕಾರ್ ರೇಸ್ ಆಟದ ಹಳೇ ಪೆಡಲ್ ಕೊಟ್ಟ. ರಡ್ಡರಿಗೆ ಆಗ್ತದೆ ಅಂತ ಜೋಡಿಸಿದೆ. ಆವತ್ತಿನಿಂದ ಪೆಡಲ್ ಒತ್ತಿದಾಗಲೆಲ್ಲ ಎಂಜಿನ್ ಸದ್ದು ಇಳಿಯೋಕೆ ಶುರು. ಇಂಧನ ನೋಡಿದೆ, ಬೂಸ್ಟರ್ ಪಂಪ್ ನೋಡಿದೆ, ಎಲ್ಲ ಸರಿ ಇತ್ತು. ಕೊನೆಗೆ ಒಂದು ಉಪಾಯ ಸಿಕ್ಕಿತು: ಬಲಗಡೆಯ ಕಂಟ್ರೋಲ್ ಕೀಲಿ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ಪರದೆ ಮೇಲೆ ಒಂದು ಸಣ್ಣ ಚೌಕ ಬರ್ತದೆ. ಸ್ಟಿಕ್, ರಡ್ಡರ್, ಥ್ರಾಟಲ್ ಈಗ ಎಲ್ಲಿವೆ ಅಂತ ಅದು ತೋರಿಸ್ತದೆ. ನಾನು ಪೆಡಲ್ ಒತ್ತಿದರೆ ಥ್ರಾಟಲ್ಲಿನ ಗುರುತೂ ಕುಣೀತಿತ್ತು! ಹೊಸ ಸಾಧನ ಜೋಡಿಸಿದಾಗ ಸಿಮ್ಯುಲೇಟರು ತಾನೇ ಒಂದಿಷ್ಟು ಹೊಂದಿಕೆ ಮಾಡಿಕೊಳ್ತದೆ. ಹಾಗಾಗಿ ಒಂದೇ ಥ್ರಾಟಲ್ಲಿಗೆ ಇಬ್ಬರು ಯಜಮಾನರಾಗಿದ್ದರು. ಕಂಟ್ರೋಲ್ ಪಟ್ಟಿಗೆ ಹೋಗಿ ಪೆಡಲಿನ ಕೆಳಗಿದ್ದ ಆ ಹೊಂದಿಕೆ ಅಳಿಸಿದೆ, ಮುಗೀತು. ನಿಮ್ಮ ವಿಮಾನವೂ ದೆವ್ವ ಹಿಡಿದಂಗೆ ಆಡ್ತಿದ್ದರೆ ಮೊದಲು ಆ ಚೌಕ ನೋಡಿ.

ಮೂರನೇದು ಕರೆಂಟು. ಅಪ್‌ಡೇಟ್ ಅರ್ಧ ಆದಾಗ ಕರೆಂಟ್ ಹೋಯ್ತು. ಮರುದಿನ ಕಾಕ್‌ಪಿಟ್ಟಿನ ಮೀಟರುಗಳೆಲ್ಲ ಕರ್ರಗೆ. ಇದಕ್ಕೆ ಸಿಮ್ಯುಲೇಟರಿನ ಜೊತೆಗೇ ಬರುವ ರಿಪೇರಿ ವ್ಯವಸ್ಥೆ ಇದೆ. ನಮ್ಮಲ್ಲಿರುವ ಫೈಲುಗಳನ್ನು ಮೂಲದ ಜೊತೆ ತಾಳೆ ನೋಡಿ, ಕೆಟ್ಟದ್ದನ್ನು ಬದಲಿಸ್ತದೆ. ಅದಕ್ಕೂ ಬಗ್ಗದಿದ್ದರೆ ಸೇವ್ಡ್ ಗೇಮ್ಸ್ ಒಳಗಿನ ಡಿಸಿಎಸ್ ಫೋಲ್ಡರಿನಲ್ಲಿ ಲಾಗ್ ಫೈಲ್ ಇರ್ತದೆ, ಎಲ್ಲಿ ಎಡವಿತು ಅಂತ ಅದರ ಕೊನೆಯ ಸಾಲುಗಳು ಬಹಳ ಸಲ ಹೇಳಿಬಿಡ್ತವೆ. ಆ ಫೋಲ್ಡರಿನ ಹೆಸರು ಬದಲಿಸಿ ಸಿಮ್ಯುಲೇಟರ್ ತೆರೆದರೆ ಎಲ್ಲ ಹೊಸದಾಗಿ ಶುರು ಆಗ್ತದೆ. ಆಗ ಸರಿಯಾದರೆ ತಪ್ಪು ನಮ್ಮ ಸೆಟ್ಟಿಂಗಿನಲ್ಲಿ ಅಂತ ಅರ್ಥ. ನಾನಂತೂ ಒಂದು ಸ್ಟೆಬಿಲೈಸರ್ ಕೂಡ ತಂದಿಟ್ಟೆ.

ಇವೆಲ್ಲದರಿಂದ ಕಲಿತ ಕಟ್ಟಲೆ ಒಂದೇ. ಒಂದು ಸಲಕ್ಕೆ ಒಂದನ್ನೇ ಬದಲಿಸು. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯ್ತು ಅಂತ ಗೊತ್ತಾಗೋದಿಲ್ಲ. ದೊಡ್ಡವರೂ ಹುಷಾರಾಗಿ ಹೋಗೋದು ಹೀಗೇ. ನಮ್ಮ ತೇಜಸ್ ಮೊದಲ ಸಲ ಬೆಂಗಳೂರಿನ ಆಕಾಶಕ್ಕೆ ಏರಿದ್ದು 2001ರ ಜನವರಿ 4ರಂದು. ಅದಕ್ಕೂ ಮೊದಲು ಅದರ ಹಾರಾಟ ನಿಯಂತ್ರಣದ ಸಾಫ್ಟ್‌ವೇರನ್ನು ನೆಲದ ಮೇಲಿನ ಸಿಮ್ಯುಲೇಟರುಗಳಲ್ಲಿ, ‘ಐರನ್ ಬರ್ಡ್’ ಅನ್ನುವ ರೆಕ್ಕೆಯಿಲ್ಲದ ಕಬ್ಬಿಣದ ಚೌಕಟ್ಟಿನಲ್ಲಿ ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದರು. ತಪ್ಪು ನೆಲದ ಮೇಲೆ ಸಿಕ್ಕರೆ ಪುಣ್ಯ.

ಈಗ ಮುಖ್ಯ ಮಾತಿಗೆ ಬರ್ತೇನೆ.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಶಾಲೆಯ ಗೆಳೆಯ ಮತ್ತು ನಾನು ಒಂದು ರಾತ್ರಿ ಆನ್‌ಲೈನಿನಲ್ಲಿ ಜೊತೆಗೆ ಹಾರ್ತಿದ್ವಿ. ಇಬ್ಬರದೂ ಸುಖೋಯ್. ವಿಮಾನಕ್ಕೆ ಎಡರೆಕ್ಕೆಯ ತುದಿಗೆ ಕೆಂಪು ದೀಪ, ಬಲರೆಕ್ಕೆಗೆ ಹಸಿರು, ಬಾಲಕ್ಕೆ ಬಿಳಿ. ಜಗತ್ತಿನಲ್ಲಿ ಎಲ್ಲ ಕಡೆ ಇದೇ ನಿಯಮ. ಕತ್ತಲಲ್ಲಿ ಎದುರಿನ ವಿಮಾನದ ಕೆಂಪು ನಮ್ಮ ಎಡಕ್ಕಿದ್ದರೆ ಅದು ನಮ್ಮಿಂದ ದೂರ ಹೋಗ್ತಿದೆ, ಬಲಕ್ಕಿದ್ದರೆ ನಮ್ಮ ಕಡೆಗೇ ಬರ್ತಿದೆ ಅಂತ ಲೆಕ್ಕ.

ಗೆಳೆಯ ತಿರುಗಿಸಿಕೊಂಡು ನನ್ನ ಕಡೆ ಬರ್ತಿದ್ದ. ನಾನು ಅವನು ದೂರ ಹೋಗ್ತಿದ್ದಾನೆ ಅಂದುಕೊಂಡು ಹಿಂಬಾಲಿಸಿದೆ. ಎದುರಾಬದುರು ಡಿಕ್ಕಿ. ‘ಕೆಂಪು ಬಲಕ್ಕದ, ಕಾಣವಲ್ದೇನ್ಲೇ?’ ಅಂತ ಬೈದ. ಮತ್ತೆ ಹಾರಿದ್ವಿ, ಮತ್ತೆ ಡಿಕ್ಕಿ. ಮೂರು ಸಲ ಆಯ್ತು. ನನಗೆ ಕಂಡಿದ್ದು ಎರಡು ದೀಪ. ಎರಡೂ ಒಂದೇ ಥರ.

ಮಾನಿಟರ್ ಹಳೇದು, ಅದೇ ಕೆಟ್ಟಿದೆ ಅಂದೆ. ನನ್ನ ಕಟ್ಟಲೆಯ ಪ್ರಕಾರ ಒಂದೊಂದೇ ಬದಲಿಸುತ್ತ ಹೋದೆ. ಕೇಬಲ್ ಬದಲಿಸಿದೆ. ಹಾಗೇ ಇತ್ತು. ಬೆಳಕು ಹೆಚ್ಚು ಕಡಿಮೆ ಮಾಡಿದೆ. ಹಾಗೇ ಇತ್ತು. ಪರದೆಯ ಚಿತ್ರ ತೆಗೆದು ಗೆಳೆಯನಿಗೆ ಕಳಿಸಿದೆ. ‘ಚಂದ ಕಾಣ್ತದಲ್ಲೋ, ಒಂದು ಕೆಂಪು, ಒಂದು ಹಸರು’ ಅಂದ. ಅಂದ್ರೆ ಸಿಮ್ಯುಲೇಟರ್ ಸರಿ ಇದೆ. ಅದೇ ಚಿತ್ರವನ್ನು ನನ್ನ ಮೊಬೈಲಿನಲ್ಲಿ ನೋಡಿದೆ. ಅಲ್ಲೂ ಒಂದೇ ಥರ. ಅಂದ್ರೆ ಮಾನಿಟರೂ ಸರಿ ಇದೆ. ತಂಗಿಯನ್ನು ಎಬ್ಬಿಸಿ ತೋರಿಸಿದೆ. ಕಣ್ಣುಜ್ಜಿಕೊಂಡು, ‘ಇದು ಕೆಂಪು, ಇದು ಹಸರು. ಇದಕ್ಕ ಎಬ್ಬಿಸಿದೇನ್?’ ಅಂತ ಮತ್ತೆ ಮಲಗಿದಳು.

ಎಲ್ಲ ಬದಲಿಸಿ ಆಗಿತ್ತು. ಬದಲಿಸದೆ ಉಳಿದಿದ್ದು ನನ್ನ ಕಣ್ಣು ಮಾತ್ರ.

ಆ ವಾರವೇ ರಾಯಚೂರಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಚುಕ್ಕಿ ಚುಕ್ಕಿ ಇರುವ ಹಾಳೆ ಕೊಟ್ಟು, ಒಳಗೆ ಯಾವ ಅಂಕಿ ಇದೆ ಅಂತ ಕೇಳಿದರು. ಇಶಿಹಾರಾ ಪರೀಕ್ಷೆ ಅಂತಾರೆ. ಜಪಾನಿನ ಡಾಕ್ಟರೊಬ್ಬರು 1917ರಲ್ಲಿ ಪ್ರಕಟಿಸಿದ ಹಾಳೆಗಳು ಇವತ್ತಿಗೂ ಬಳಕೆಯಲ್ಲಿವೆ. ಬಹಳ ಹಾಳೆಗಳಲ್ಲಿ ನನಗೆ ಅಂಕಿಯೇ ಕಾಣಲಿಲ್ಲ, ಬರೀ ಚುಕ್ಕಿ. ಕೆಂಪು ಹಸಿರಿನ ಬಣ್ಣಗುರುಡು ಅಂದ್ರು. ಹುಟ್ಟಿನಿಂದಲೇ ಇರ್ತದೆ, ತಾಯಿಯ ಕಡೆಯಿಂದ ಬರ್ತದೆ, ಹೆಂಗಸರಿಗಿಂತ ಗಂಡಸರಲ್ಲೇ ಜಾಸ್ತಿ ಅಂತ ತಿಳಿಸಿದರು. ಆಗ ಅಮ್ಮನ ಅಪ್ಪ ನೆನಪಾದರು. ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವಾಗ ಅಜ್ಜ ಪ್ರತಿ ಕಾಯಿಯನ್ನೂ ಹಿಸುಕಿ ನೋಡಿ ಹಣ್ಣೋ ಕಾಯೋ ಹೇಳ್ತಿದ್ದರು. ನಾವು ಅದು ಅನುಭವ ಅಂದುಕೊಂಡಿದ್ವಿ.

ವಾಯುಪಡೆಯ ವೈದ್ಯಕೀಯ ಪರೀಕ್ಷೆಯಲ್ಲಿ ಬಣ್ಣ ಗುರುತಿಸೋದಕ್ಕೆ ಒಂದು ಮಟ್ಟ ಇದೆ. ಪೈಲಟ್ ಆಗುವ ಮಾತು ಅಲ್ಲಿಗೇ ಮುಗೀತು. ಬಸ್ಸಿನಲ್ಲಿ ವಾಪಸ್ ಬರುವಾಗ ಅದಕ್ಕೇ ಅಳು ಬರ್ತಿತ್ತು. ಮಾನ್ವಿ ದಾಟಿದ ಮೇಲೆ ಬೇರೊಂದು ಮಾತು ಹೊಳೆದು, ಅಳು ನಿಂತು, ಮೈ ಬೆವರಿತು.

ನಮ್ಮ ಮನೆಗಳ ವೈರಿಂಗಿನಲ್ಲಿ ಕೆಂಪು ಕರೆಂಟು ಹರಿಯುವ ವೈರು. ಕಪ್ಪು ನ್ಯೂಟ್ರಲ್. ಹಸಿರು ಅರ್ಥಿಂಗ್.

ಹಿಂದಿನ ಬೇಸಿಗೆಯಲ್ಲಿ ನಾನು ಬೋರ್ಡ್ ಹಾಕಿಕೊಟ್ಟ ಒಂದು ಮನೆಯಲ್ಲಿ ಆರು ವರ್ಷದ ಹುಡುಗಿಗೆ ಕೂಲರ್ ಮುಟ್ಟಿದಾಗ ಶಾಕ್ ಹೊಡೆದಿತ್ತು. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಪಕ್ಕಕ್ಕೆ ಸಿಡಿದು ಬಿದ್ದಳು, ಬದುಕಿದಳು. ಅವರು ನನ್ನನ್ನು ಕರೆಸಿದರು. ನಾನು ಕೂಲರನ್ನು ಅಂಗಡಿಗೆ ತಂದು ಹಚ್ಚಿ ನೋಡಿದೆ. ಏನೂ ದೋಷ ಇರಲಿಲ್ಲ. ‘ತೇವಕ್ಕ ಆಗಿರ್ತದ’ ಅಂತ ವಾಪಸ್ ಕೊಟ್ಟೆ. ಅವರು ಅದನ್ನು ಇನ್ನೊಂದು ಕೋಣೆಗೆ ಒಯ್ದು ಹಚ್ಚಿದರು, ಶಾಕ್ ಬರಲಿಲ್ಲ. ಎಲ್ಲರೂ ಮರೆತರು. ನಾನೂ ಮರೆತೆ.

ಬಸ್ ಇಳಿದವನೇ ಟೆಸ್ಟರ್ ತಗೊಂಡು ನೇರ ಆ ಮನೆಗೆ ಹೋದೆ. ಹಳೇ ಕೋಣೆಯ ಸಾಕೆಟ್ಟಿನ ಮೇಲಿನ ತೂತಿಗೆ, ಅರ್ಥ್ ಪಿನ್ನಿನ ತೂತಿಗೆ, ಟೆಸ್ಟರ್ ಇಟ್ಟೆ. ದೀಪ ಹತ್ತಿತು.

ಮೇನ್ ತೆಗೆದು ಬೋರ್ಡ್ ಬಿಚ್ಚಿದೆ. ಹುಡುಗಿಯ ಅಣ್ಣನನ್ನು ಪಕ್ಕಕ್ಕೆ ಕರೆದು ಬಣ್ಣ ಹೇಳಿಸಿದೆ. ಮುಂದಿನ ಬೋರ್ಡಿಗೆ ಅಂತ ಬಿಟ್ಟಿದ್ದ ಕೆಂಪು ಲೂಪನ್ನು ಹಸಿರು ಅಂತ ತಿಳಿದು ಅರ್ಥ್ ಪಿನ್ನಿಗೆ ಕೊಟ್ಟಿದ್ದೆ. ನಿಜವಾದ ಹಸಿರು ವೈರಿಗೆ ಟೇಪ್ ಸುತ್ತಿ ಒಳಗೆ ಮಡಚಿಟ್ಟಿದ್ದೆ. ಸಂಜೆ ಮಬ್ಬಿನಲ್ಲಿ ಮಾಡಿದ ಕೆಲಸ. ಕೂಲರ್ ತಿರುಗಿತ್ತು, ನೀರು ಹರಿದಿತ್ತು, ನಾನು ದುಡ್ಡು ತಗೊಂಡು ಬಂದಿದ್ದೆ. ಅಷ್ಟೂ ತಿಂಗಳು ಆ ಸಾಕೆಟ್ ಹಾಗೇ ಕಾಯ್ತಾ ಇತ್ತು.

ಹುಡುಗಿಯ ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ಇದ್ದದ್ದು ಇದ್ದಂಗೆ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಇನ್ನ ಎಷ್ಟು ಮನಿಯಾಗ ಮಾಡಿಯಪ?’ ಅಂದ್ರು.

ಅದೇ ಪ್ರಶ್ನೆ ಹಿಡಿದುಕೊಂಡು ಅಪ್ಪನ ಹತ್ತಿರ ಹೋದೆ. ಬೈತಾರೆ ಅಂದುಕೊಂಡಿದ್ದೆ. ಅವರು ವೈಂಡಿಂಗ್ ತಂತಿ ಕೆಳಗಿಟ್ಟು, ಅಂಗಡಿ ಬಾಗಿಲು ಹಾಕಿ, ‘ನಡಿ’ ಅಂದ್ರು. ಹದಿನೈದು ದಿನ ನಾವಿಬ್ಬರೂ ಊರಲ್ಲಿ, ಸುತ್ತಲಿನ ಕ್ಯಾಂಪುಗಳಲ್ಲಿ, ನಾನು ಕೈ ಹಾಕಿದ ಮನೆ ಮನೆಗೆ ಹೋದ್ವಿ. ನಾನು ಟೆಸ್ಟರ್ ಹಿಡೀತಿದ್ದೆ, ಅಪ್ಪ ಬಣ್ಣ ಹೇಳ್ತಿದ್ದರು. ಇನ್ನೊಂದು ಮನೆಯಲ್ಲಿ ಇದೇ ತಪ್ಪು ಸಿಕ್ಕಿತು. ಅಲ್ಲಿ ಅದೃಷ್ಟಕ್ಕೆ ಯಾರೂ ಆ ಸಾಕೆಟ್ ಬಳಸಿರಲಿಲ್ಲ. ಕೆಲವರು ಆಮೇಲೆ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ. ಅವರದ್ದೇನೂ ತಪ್ಪಿಲ್ಲ.

1935ರ ಅಕ್ಟೋಬರ್ 30ರಂದು ಅಮೆರಿಕದ ಓಹಿಯೋದಲ್ಲಿ ಬೋಯಿಂಗ್‌ನ ಹೊಸ ಬಾಂಬರ್ ಒಂದು, ಮಾಡೆಲ್ 299 ಅಂತ, ಏರಿದ ಸ್ವಲ್ಪ ಹೊತ್ತಿಗೇ ಬಿದ್ದು ಉರಿಯಿತು. ಇಬ್ಬರು ಜೀವ ಕಳೆದುಕೊಂಡರು. ಎಂಜಿನ್ ಸರಿ ಇತ್ತು. ನಿಂತಾಗ ಗಾಳಿಗೆ ಬಾಲ ಅಲ್ಲಾಡಬಾರದು ಅಂತ ಹಾಕಿದ್ದ ಬೀಗ ತೆಗೆಯೋದನ್ನು ಮರೆತಿದ್ದರು. ಹಾರಿಸಿದವರು ಹೊಸಬರಲ್ಲ, ಪಳಗಿದವರು. ಆ ಮೇಲೆಯೇ ಪೈಲಟ್‌ಗಳ ಕೈಗೆ ಚೆಕ್‌ಲಿಸ್ಟ್ ಬಂದದ್ದು. ನೆನಪನ್ನು ನಂಬಬೇಡ, ಓದಿ ಹೇಳು, ನೋಡಿ ಮುಟ್ಟು.

ನನ್ನ ಟೂಲ್‌ಬಾಕ್ಸಿನ ಮುಚ್ಚಳದ ಒಳಗೂ ಈಗ ಒಂದು ಚೀಟಿ ಅಂಟಿಸಿದೆ. ಮೇನ್ ತೆಗೆ. ಟೆಸ್ಟರ್ ಇಟ್ಟು ನೋಡು. ಪ್ರತಿ ವೈರನ್ನೂ ಮೀಟರಿನಿಂದ ಅಳೆದು, ಅಕ್ಷರ ಬರೆದ ಪಟ್ಟಿ ಸುತ್ತು. ಮನೆಯವರೊಬ್ಬರಿಂದ ಬಣ್ಣ ಹೇಳಿಸಿ ತಾಳೆ ನೋಡು. ಕೆಲಸ ಮುಗಿದ ಮೇಲೆ ಅರ್ಥ್ ಪಿನ್ನಿಗೆ ಮತ್ತೊಮ್ಮೆ ಟೆಸ್ಟರ್ ಇಡು. ಜೋರಾಗಿ ಓದ್ತೇನೆ, ಜನ ನಗ್ತಾರೆ, ನಗಲಿ. ಬಣ್ಣವನ್ನೇ ನಂಬಬೇಕಾದ ಕೆಲಸ ಬಂದರೆ ಅಪ್ಪನನ್ನು ಕರೀತೇನೆ.

ಕೇಳುಗರಲ್ಲಿ ಎರಡು ಮಾತು. ಸಿಮ್ಯುಲೇಟರ್ ಹಾರಿಸುವವರೇ, ವಿಮಾನ ಬೈಯುವ ಮೊದಲು ಒಂದೊಂದೇ ಬದಲಿಸಿ ನೋಡಿ. ತಂದೆ ತಾಯಂದಿರೇ, ಮಕ್ಕಳಿಗೆ ಒಮ್ಮೆ ಆ ಚುಕ್ಕಿ ಹಾಳೆಯ ಪರೀಕ್ಷೆ ಮಾಡಿಸಿ. ಕೆಲವೇ ನಿಮಿಷದ ಕೆಲಸ. ನನಗೆ ಅದು ಇಪ್ಪತ್ತೆರಡನೇ ವಯಸ್ಸಿಗೆ ಆಯ್ತು.

ಗೆಳೆಯ ಮತ್ತು ನಾನು ಈಗಲೂ ರಾತ್ರಿ ಹಾರ್ತೇವೆ. ಅವನು ಕೆಂಪು ಹಸಿರು ಅನ್ನೋದು ಬಿಟ್ಟಿದ್ದಾನೆ. ‘ಎದುರಿಗೆ ಬರಾಕತ್ತೀನಿ, ಬಲಕ್ಕ ಸರಿ’ ಅಂತಾನೆ. ಸರೀತೇನೆ.