ಗೋಡೆಯ ಮೇಲಿನ ಬಣ್ಣ, ತೋಟದೊಳಗಿನ ಸಾಲ



ಅಡಿಕೆ ಮಾರಾಟವಾಗಿ ಮಲೆನಾಡಿನ ಬೆಳೆಗಾರನ ಕೈಗೆ ಹಣ ಬರುವ ಕಾಲವನ್ನು ಅವನ ನೆಂಟರಿಷ್ಟರಿಗಿಂತ ಮಾರುಕಟ್ಟೆಯೇ ಚೆನ್ನಾಗಿ ಬಲ್ಲದು. ಆ ಹೊತ್ತಿಗೆ ಬಸ್ ನಿಲ್ದಾಣದ ಗೋಡೆಗೆ ಹೊಸ ಬಣ್ಣವೇರುತ್ತದೆ. ಗೊಬ್ಬರದಂಗಡಿಯಲ್ಲಿ ಪುಕ್ಕಟೆ ಕ್ಯಾಲೆಂಡರ್ ದೊರೆಯುತ್ತದೆ. ಮೊಬೈಲಿಗೆ ‘ರಿಯಾಯಿತಿಗೆ ಇಂದೇ ಕೊನೆಯ ದಿನ’ ಎಂಬ ಸಂದೇಶ ಬರುತ್ತದೆ. ತೋಟಕ್ಕೆ ಏನು ಬೇಕೆಂಬ ಪ್ರಶ್ನೆ ಏಳುವ ಮೊದಲೇ ಉತ್ತರ ಅಂಗಳಕ್ಕೆ ಬಂದು ನಿಂತಿರುತ್ತದೆ. ಅನಗತ್ಯ ವೆಚ್ಚದ ಮೂಲ ಇಲ್ಲಿದೆ.

ರೈತನನ್ನು ದುಂದುಗಾರನೆಂದು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಕೃಷಿ ಸಾಮಗ್ರಿಗಳ ಜಾಹೀರಾತು ಅವನ ಆಸೆಗಿಂತ ಹೆಚ್ಚಾಗಿ ಅಂಜಿಕೆಯನ್ನು ಬಳಸಿಕೊಳ್ಳುತ್ತದೆ. ಪಕ್ಕದ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿತೆಂಬ ಸುದ್ದಿ ಹಬ್ಬಿದರೆ ಸಾಕು, ಬಗೆಬಗೆಯ ‘ಟಾನಿಕ್’ಗಳು ಮನೆ ಸೇರುತ್ತವೆ. ಇಂತಹ ಸಸ್ಯ ಪ್ರಚೋದಕಗಳನ್ನು ಕೇಂದ್ರ ಸರ್ಕಾರವು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತಂದಿತು. ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರು 2025ರ ಜುಲೈಯಲ್ಲಿ ತಿಳಿಸಿದಂತೆ, ಹಿಂದೆ ಸುಮಾರು 30,000 ಇಂತಹ ಉತ್ಪನ್ನಗಳು ಅಂಕೆಯಿಲ್ಲದೆ ಮಾರಾಟವಾಗುತ್ತಿದ್ದವು. ಪರಿಶೀಲನೆ ಬಿಗಿಯಾದ ಬಳಿಕ ಉಳಿದವು ಸುಮಾರು 650 ಮಾತ್ರ. ಕಣ್ಮರೆಯಾದವುಗಳಿಗೆ ಹಣ ತೆತ್ತವರು ಹಳ್ಳಿಗರೇ.

ಇದಕ್ಕೆ ಎದುರಾದ ನಿದರ್ಶನವೂ ಮಲೆನಾಡಿನಲ್ಲಿಯೇ ಇದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮೈಸೂರು ಸಂಸ್ಥಾನದಲ್ಲಿ ಪ್ರಚುರಪಡಿಸಿದವರು ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಶತಮಾನ ಕಳೆದರೂ ಅದು ಬಳಕೆಯಲ್ಲಿದೆ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಸಾಕು. ಮನೆಯಂಗಳದಲ್ಲಿ ಬೆರೆಸಿಕೊಳ್ಳಬಹುದಾದ ಮದ್ದಿಗೆ ಗೋಡೆ ತುಂಬ ಬಣ್ಣ ಬಳಿಸುವವರು ಯಾರು? ಹೆಚ್ಚು ಕಾಣಿಸುವುದೇ ಹೆಚ್ಚು ಉಪಯುಕ್ತವೆಂಬ ನಂಬಿಕೆಗೆ ಆಧಾರವಿಲ್ಲ.

ಮನಸ್ಸನ್ನು ಗಟ್ಟಿ ಮಾಡಿಕೊಳ್ಳಿರೆಂಬ ಉಪದೇಶವೊಂದೇ ಸಾಲದು. ಸಂದೇಶಗಳು ಬರುವ ದಾರಿಯನ್ನೇ ಕಿರಿದಾಗಿಸಬೇಕು. ಮೊಬೈಲಿನ ವಾಣಿಜ್ಯ ಕರೆ ಮತ್ತು ಸಂದೇಶಗಳನ್ನು ತಡೆಯಲು 1909ಕ್ಕೆ ಕರೆ ಮಾಡಿ ನೋಂದಾಯಿಸಿಕೊಳ್ಳಬಹುದು. ಮಾರಾಟಗಾರರೇ ತುಂಬಿರುವ ವಾಟ್ಸಾಪ್ ಗುಂಪುಗಳಿಂದ ಹೊರಬರಬಹುದು. ಮಣ್ಣು ಪರೀಕ್ಷೆಯ ನಂತರ ವರ್ಷದ ಖರೀದಿಯ ಪಟ್ಟಿಯನ್ನು ಮನೆಯವರೆಲ್ಲ ಕುಳಿತು ಬರೆದರೆ, ಪಟ್ಟಿಯಲ್ಲಿಲ್ಲದ ವಸ್ತುವಿಗೆ ಹದಿನೈದು ದಿನ ಕಾಯುವ ನಿಯಮ ಮಾಡಿಕೊಳ್ಳಬಹುದು. ರೋಗ ಬಂದಾಗ ಮಾತ್ರ ಕಾಯುವಂತಿಲ್ಲ. ಆಗ ಕೃಷಿ ವಿಜ್ಞಾನ ಕೇಂದ್ರವನ್ನೋ 1800-180-1551 ಎಂಬ ಕಿಸಾನ್ ಕರೆ ಕೇಂದ್ರವನ್ನೋ ವಿಚಾರಿಸಬೇಕು. ತಾನಾಗಿ ಬಂದ ಸಲಹೆಗಿಂತ ಕೇಳಿ ಪಡೆದ ಸಲಹೆ ಲೇಸು.

ಕೆಲವು ಕೆಲಸಗಳು ಊರೇ ಕೂಡಿ ಮಾಡುವಂಥವು. ಆಲ್ಪ್ಸ್ ಪರ್ವತಗಳ ನಡುವಿನ ಫ್ರಾನ್ಸಿನ ಗ್ರೆನೋಬಲ್ ನಗರವು 2014ರಲ್ಲಿ ತನ್ನ ಬೀದಿಗಳ 326 ಜಾಹೀರಾತು ಫಲಕಗಳನ್ನು ತೆಗೆಸಲು ನಿರ್ಧರಿಸಿತು, ಮರಗಳನ್ನೂ ನೆಡಿಸಿತು. ಶಾಲೆ, ಬಸ್ ನಿಲ್ದಾಣ, ಸಹಕಾರ ಸಂಘಗಳ ಗೋಡೆಗಳನ್ನು ಜಾಹೀರಾತಿಗೆ ಕೊಡದಿರಲು ಇಲ್ಲಿನ ಗ್ರಾಮಸಭೆಗಳೂ ತೀರ್ಮಾನಿಸಬಹುದು. ಆ ಗೋಡೆಯ ಮೇಲೆ ವಿದ್ಯಾರ್ಥಿಗಳು ಊರಿನ ಮಳೆಯ ಲೆಕ್ಕವನ್ನೂ ಬೋರ್ಡೋ ದ್ರಾವಣದ ಅಳತೆಯನ್ನೂ ಬರೆಯಲಿ. ತೋಟಕ್ಕೆ ಏನು ಬೇಕೆಂಬುದನ್ನು ಮಣ್ಣು ಹೇಳಲಿ, ಗಿಡ ಹೇಳಲಿ.